ಜೇನುಗೋಪುರಕ್ಕೆ ಸಹಿ ಹಾಕದವಳು

ನಗರಸಭೆಯ ಕಟ್ಟಡ ಪರವಾನಗಿ ವಿಭಾಗದಲ್ಲಿ ಅವಳಿಗೆ ತಿರಸ್ಕಾರಮ್ಮ ಅಂತ ಹೆಸರು ಬಿದ್ದಿತ್ತು. ಅವಳ ಮೇಜಿಗೆ ಬಂದ ನಕ್ಷೆಗಳಲ್ಲಿ ಹೆಚ್ಚಿನವು 'ತಿರಸ್ಕರಿಸಲಾಗಿದೆ' ಅನ್ನುವ ಕೆಂಪು ಮುದ್ರೆ ಹೊಡೆಸಿಕೊಂಡೇ ವಾಪಸ್ಸಾಗುತ್ತಿದ್ದವು ಅನ್ನುವುದು ಅರ್ಧ ಕಾರಣ. ಉಳಿದರ್ಧ ಅವಳ ಮುಖ. ಎದುರಿಗೆ ಕೂತವರು ಬಾಯಿ ತೆರೆಯುವ ಮೊದಲೇ ಅವಳ ಮೂಗಿನ ಒಂದು ಹೊಳ್ಳೆ ಸಣ್ಣಗೆ ಮೇಲಕ್ಕೆದ್ದಿರುತ್ತಿತ್ತು. ಅದನ್ನು ನೋಡಿದ ಗುತ್ತಿಗೆದಾರರು ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ನುಂಗಿ, ನಕ್ಷೆ ಸುತ್ತಿಕೊಂಡು, "ನಾಳೆ ಬರ್ತೀನಿ ಮೇಡಂ" ಅಂತ ಎದ್ದು ಹೋಗುತ್ತಿದ್ದರು. ಈ ಹೆಸರು ಅವಳ ಕಿವಿಗೂ ಬಿತ್ತು. ಅವಳು ಅಂದದ್ದು ಇಷ್ಟೇ: "ಪರವಾಗಿಲ್ಲ, ಇವಕ್ಕೂ ಒಂದು ಪದ ಸರಿಯಾಗಿ ಬಳಸೋಕೆ ಬಂತಲ್ಲ."

ಹುಟ್ಟಿದಾಗಿನಿಂದ ಹೀಗೇ ಇದ್ದಳು ಅಂತ ಅವಳ ಅಕ್ಕ ಹೇಳುತ್ತಿದ್ದಳು. ಅಪ್ಪ ನಕ್ಷೆ ಬರೆಯುವ ಕೆಲಸದವರು. "ಡೊಂಕು ಗೆರೆ ಎಳೆಯೋದಕ್ಕಿಂತ ಕೈ ಕಟ್ಟಿ ಕೂರೋದು ಮೇಲು" ಅಂತ ಅವರೊಂದು ಮಾತು ಆಡುತ್ತಿದ್ದರು. ಅಕ್ಕ ಅದನ್ನು ತಮಾಷೆ ಅಂದುಕೊಂಡಳು, ಇವಳು ವೇದವಾಕ್ಯ ಅಂದುಕೊಂಡಳು. ಮುಂದೆ ಅಕ್ಕ ಒಬ್ಬ ದೊಡ್ಡ ವಾಸ್ತುಶಿಲ್ಪಿಯನ್ನು ಮದುವೆಯಾಗಿ ದೊಡ್ಡ ಮನೆ ಸೇರಿದಳು. ಇವಳು ಎಂಜಿನಿಯರಿಂಗ್ ಓದಿ, ನಗರಸಭೆ ಸೇರಿ, ಒಬ್ಬ ಸಭ್ಯ ಗುಮಾಸ್ತನನ್ನು ಮದುವೆಯಾದಳು. ಆ ಮನುಷ್ಯ ಶರ್ಟು ಮಡಚುವ ರೀತಿ, ಬಾಗಿಲು ಹಾಕುವ ರೀತಿ, ನಗುವ ರೀತಿ ಯಾವುದೂ ಅವಳಿಗೆ ಸರಿಬರಲಿಲ್ಲ. ಕೊನೆಗೊಂದು ದಿನ ಅವನು ತಾನಾಗೇ ಕೇಳಿಕೊಂಡು ದೂರದ ಊರಿಗೆ ವರ್ಗ ಮಾಡಿಸಿಕೊಂಡ. ಹೋದವನು ವಾಪಸ್ಸು ಬರಲಿಲ್ಲ. ಅತ್ತಳೇ? ಯಾರೂ ನೋಡಿಲ್ಲ. ಅವನು ಗೋಡೆಗೆ ವಕ್ರವಾಗಿ ಹೊಡೆದಿದ್ದ ಮೊಳೆ ಕಿತ್ತು ನೆಟ್ಟಗೆ ಹೊಡೆದಳು, ಅಷ್ಟು ಎಲ್ಲರಿಗೂ ಗೊತ್ತು.

ಹೀಗಿರುವಾಗ ನಗರಸಭೆಗೆ ಜೇನಿನ ಹುಚ್ಚು ಹಿಡಿಯಿತು.

ಯಾವುದೋ ಸಮ್ಮೇಳನಕ್ಕೆ ಹೋಗಿ ಹೊಟ್ಟೆ ತುಂಬ ಉಂಡು ಬಂದ ಸದಸ್ಯರು, ಊರಲ್ಲಿ ಜೇನು ಕಡಿಮೆಯಾಗಿದೆ, ಹೂವು ಕಾಯಿ ಕಚ್ಚುತ್ತಿಲ್ಲ, ಇನ್ನು ಮುಂದೆ ದೊಡ್ಡ ಕಟ್ಟಡ ಕಟ್ಟುವವರೆಲ್ಲ ಜೇನಿಗೆ ಜಾಗ ಬಿಡಲೇಬೇಕು ಅಂತ ನಿಯಮ ಮಾಡಿದರು. ನಿಯಮ ಓದಿದ ತಿರಸ್ಕಾರಮ್ಮನ ಹೊಳ್ಳೆ ಎರಡೂ ಎದ್ದವು. "ಮನುಷ್ಯರಿಗೆ ಮೆಟ್ಟಿಲು ನೆಟ್ಟಗೆ ಕಟ್ಟೋಕೆ ಬರಲ್ಲ. ಜೇನಿಗೆ ಮನೆ ಕಟ್ತಾರಂತೆ, ಮನೆ!"

ಆದರೆ ನಿಯಮ ನಿಯಮವೇ. ತನಗೆ ಯಾರೂ ಟೋಪಿ ಹಾಕಬಾರದು ಅನ್ನುವ ಒಂದೇ ಹಟಕ್ಕೆ ಅವಳು ಜೇನಿನ ಬಗ್ಗೆ ಓದಲು ಕೂತಳು. ಓದುತ್ತ ಓದುತ್ತ ಒಂದು ಸಂಗತಿ ಗೊತ್ತಾಯಿತು. ಜೇನುಗಳಲ್ಲಿ ಹೆಚ್ಚಿನವು ಗೂಡು ಕಟ್ಟಿ ಹಿಂಡುಹಿಂಡಾಗಿ ಬಾಳುವಂಥವಲ್ಲವಂತೆ. ರಾಣಿ ಇಲ್ಲ, ಆಳು ಇಲ್ಲ, ದರ್ಬಾರು ಇಲ್ಲ. ಒಂದೊಂದು ಹೆಣ್ಣೂ ತನ್ನಷ್ಟಕ್ಕೆ ಒಂದು ತೂತು ಹುಡುಕಿ, ತಾನೇ ಕೆರೆದು ಸ್ವಚ್ಛ ಮಾಡಿ, ಪರಾಗ ತಂದಿಟ್ಟು, ಮೊಟ್ಟೆಯಿಟ್ಟು, ಮಣ್ಣಿನಲ್ಲೋ ಎಲೆಯಲ್ಲೋ ಬಾಗಿಲು ಮುಚ್ಚಿ, ಯಾರಿಗೂ ಹೇಳದೆ ಕೇಳದೆ ಹೊರಟುಹೋಗುತ್ತದಂತೆ. ಒಂಟಿ ಜೇನು. ಒಂದು ಜೀವದ ಬಗ್ಗೆ ಓದಿ ಅವಳ ಮೂಗು ಇದ್ದಲ್ಲೇ ಇದ್ದದ್ದು ಅದೇ ಮೊದಲು.

ಕಟ್ಟಡದವರ ನಕ್ಷೆಗಳು ಮಾತ್ರ ಅವಳ ಮೂಗಿಗೆ ಕೈತುಂಬ ಕೆಲಸ ಕೊಟ್ಟವು. ಒಬ್ಬ ತಾರಸಿಯ ಮೇಲೆ ಪ್ಲಾಸ್ಟಿಕ್ ಹೂಗಳ ತೋಟ ತೋರಿಸಿದ್ದ. ಇನ್ನೊಬ್ಬ ಕಾರು ನಿಲ್ಲಿಸುವ ನೆಲಕ್ಕೆ ಆರು ಮೂಲೆಯ ಹಾಸುಗಲ್ಲು ಹಾಕಿ 'ಜೇನುಸ್ನೇಹಿ' ಅಂತ ಬರೆದಿದ್ದ. ಮೂರನೆಯವ ನೇರವಾಗಿ ಕೇಳಿಯೇಬಿಟ್ಟ:

"ಮೇಡಂ, ಲಿಫ್ಟಿನ ಪಕ್ಕ ಒಂದು ದೊಡ್ಡ ಜೇನಿನ ಚಿತ್ರ ಬರೆಸ್ತೀವಿ. ನಡೆಯುತ್ತಾ?"

"ನಡೆಯುತ್ತೆ. ನಿಮ್ಮ ಕಟ್ಟಡದಲ್ಲಿ ಬಾತ್‌ರೂಮಿನ ಬದಲು ಬಾತ್‌ರೂಮಿನ ಚಿತ್ರ ಬರೆಸಿ. ಎರಡಕ್ಕೂ ಒಟ್ಟಿಗೆ ಸಹಿ ಹಾಕ್ತೀನಿ."

ಇಷ್ಟರ ನಡುವೆ ಊರೆಲ್ಲ ಬಾಯಿ ಬಿಟ್ಟು ನೋಡುವಂತೆ ಎದ್ದು ನಿಂತದ್ದು ಅವಳ ಭಾವನ ಜೇನುಗೋಪುರ.

ಭಾವ ಅಂದರೆ ಅಕ್ಕನ ಗಂಡ, ಆ ವಾಸ್ತುಶಿಲ್ಪಿ. ದುಂಡು ಕಪ್ಪು ಕನ್ನಡಕ, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಅಂಗಿ, ಮಾತಾಡುವಾಗ ಎರಡೂ ಕೈಯ ಬೆರಳುಗಳಲ್ಲಿ ಗಾಳಿಯಲ್ಲೇ ಚೌಕಟ್ಟು ಹಿಡಿಯುವ ಅಭ್ಯಾಸ. ಅವರು ಗೋಡೆಗೆ ಗೋಡೆ ಅನ್ನುತ್ತಿರಲಿಲ್ಲ, 'ಹೊರಚರ್ಮ' ಅನ್ನುತ್ತಿದ್ದರು. ಕಿಟಕಿಗೆ 'ಸಂವಾದ' ಅನ್ನುತ್ತಿದ್ದರು. ಬಾಗಿಲಿಗೆ ಏನನ್ನುತ್ತಿದ್ದರೋ, ಅದನ್ನು ಕೇಳುವಷ್ಟು ಹೊತ್ತು ತಿರಸ್ಕಾರಮ್ಮ ಅಲ್ಲಿ ನಿಲ್ಲುತ್ತಿರಲಿಲ್ಲ. ಗೋಪುರದ ನಕ್ಷೆಗೆ ಒಪ್ಪಿಗೆ ಕೊಟ್ಟವರು ಅವಳ ಮೇಲಧಿಕಾರಿ, ವಿಭಾಗದವರೆಲ್ಲ ದೊಡ್ಡ ಸಾಹೇಬರು ಅಂತ ಕರೆಯುವ ಮನುಷ್ಯ. ಅವರು ನಕ್ಷೆಗಿಂತ ನಕ್ಷೆ ತಂದವರ ಕಾರನ್ನು ಚೆನ್ನಾಗಿ ಓದಬಲ್ಲವರು. ಆದರೆ ಕಟ್ಟಡ ಮುಗಿದ ಮೇಲೆ ಹೋಗಿ ನೋಡಿ, ಎಲ್ಲ ನಿಯಮದ ಪ್ರಕಾರ ಇದೆ ಅಂತ ಸಹಿ ಹಾಕುವುದು ಅವಳ ಕೆಲಸ. ಆ ಸಹಿ ಬೀಳದೆ ಒಂದು ಸಂಸಾರವೂ ಒಳಗೆ ಕಾಲಿಡುವಂತಿರಲಿಲ್ಲ.

ಅವಳು ಹೋದದ್ದು ಒಂದು ಬಿಸಿಲಿನ ಬೆಳಿಗ್ಗೆ. ಗೋಪುರದ ಕಿಟಕಿಗಳೆಲ್ಲ ಆರು ಮೂಲೆಯವು. ಬಣ್ಣ ಜೇನುತುಪ್ಪದ್ದು. ಹೆಬ್ಬಾಗಿಲಲ್ಲಿ ಆನೆಯಷ್ಟು ದೊಡ್ಡ ತಾಮ್ರದ ಜೇನುನೊಣ. ಭಾವ ತಾವೇ ಮುಂದೆ ನಡೆದು ತೋರಿಸಿದರು. ತಾರಸಿಯ ಮೇಲೆ ಜೇನುಗಳಿಗೆಂದು ಮಾಡಿದ 'ಅತಿಥಿಗೃಹ' ಇತ್ತು. ಸಾಲುಸಾಲು ತೂತು ಕೊರೆದ ನುಣುಪಾದ ಮರದ ಹಲಗೆಗಳು, ಹಲಗೆಗೆ ಕನ್ನಡಿಯಂತೆ ಹೊಳೆಯುವ ವಾರ್ನಿಷ್. ತಿರಸ್ಕಾರಮ್ಮ ಬಗ್ಗಿ ಒಂದು ತೂತಿನಲ್ಲಿ ಕಣ್ಣಿಟ್ಟಳು. ಆ ಕಡೆಯಿಂದ ಆಕಾಶ ಕಂಡಿತು.

"ಇದು ಎರಡೂ ಕಡೆ ತೆರೆದಿದೆ."

"ಪಾರದರ್ಶಕತೆ," ಅಂದರು ಭಾವ.

"ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಹೋಗುತ್ತೆ. ಇದರಲ್ಲಿ ಯಾವ ಜೇನು ಮೊಟ್ಟೆ ಇಡುತ್ತೆ ಭಾವ? ನೀವು ಮಲಗೋ ಕೋಣೆಗೆ ಹಿಂದಿನ ಗೋಡೆ ಇದೆ ತಾನೆ?"

ಭಾವ ನಕ್ಕರು. ಹತ್ತಿರದ ಕುಂಡಗಳಲ್ಲಿ ಹೂವುಗಳೇನೋ ಇದ್ದವು. ಎಲ್ಲವೂ ದಳದ ಮೇಲೆ ದಳ ಕಿಕ್ಕಿರಿದ, ನೋಡಲು ಮಾತ್ರ ಹೂವಾದ ಹೂವುಗಳು. ಒಳಗೆ ಮಕರಂದಕ್ಕೆ ದಾರಿಯೇ ಇಲ್ಲ. ಇದಕ್ಕಿಂತ ಕೆಟ್ಟದ್ದು ಕಂಡದ್ದು ಕೆಳಗಿಳಿದು ಕಟ್ಟಡದ ಹಿಂಭಾಗಕ್ಕೆ ಹೋದಾಗ. ಬಾಲ್ಕನಿಯ ಕೆಳಗೆ ಗಚ್ಚುನೆಲದ ಮೇಲೆ ಕಂದು ಬಣ್ಣದ ರಾಶಿ ಬಿದ್ದಿತ್ತು. ಮೊದಲು ಒಣ ಎಲೆ ಅಂದುಕೊಂಡಳು. ಹತ್ತಿರ ಹೋದರೆ ಹೆಜ್ಜೇನು, ಸತ್ತವು, ಸಾಯುತ್ತಿರುವವು, ಒಂದರ ಮೇಲೊಂದು. ಕೆಲವು ಬೆನ್ನ ಮೇಲೆ ಮಲಗಿ ತಿರುಗುತ್ತಿದ್ದವು. ಮೂಗಿಗೆ ಔಷಧದ ಘಾಟು ಬಡಿಯಿತು.

ಕಟ್ಟಡ ನೋಡಿಕೊಳ್ಳುವ ಮ್ಯಾನೇಜರು ಹೆಮ್ಮೆಯಿಂದ ಮುಂದೆ ಬಂದ. "ಬಾಲ್ಕನಿ ಕೆಳಗೆ ಇಷ್ಟು ದೊಡ್ಡ ಹುಟ್ಟು ಕಟ್ಟಿದ್ವು ಮೇಡಂ. ನೀವು ಜೇನುಗೋಪುರ ನೋಡೋಕೆ ಬರ್ತೀರಿ, ಕಚ್ಚಿಬಿಟ್ರೆ ಏನು ಗತಿ ಅಂತ ನೆನ್ನೆ ಸಂಜೆನೇ ಔಷಧಿ ಹೊಡೆಸಿ ಕ್ಲೀನ್ ಮಾಡಿಸಿದ್ವಿ."

ತಿರಸ್ಕಾರಮ್ಮ ಭಾವನ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ನಾಚಿಕೆಯೇನಾದರೂ ಇರಬಹುದೇ ಅಂತ ಒಂದು ಗಳಿಗೆ ಕಾದಳು. ಅವರು ಕನ್ನಡಕ ಹಾಕಿಕೊಂಡು ಮ್ಯಾನೇಜರಿಗೆ ಹೇಳಿದ್ದು ಇಷ್ಟು: "ಫೋಟೋದವರು ಬರೋದರೊಳಗೆ ಇದನ್ನ ಗುಡಿಸಿಬಿಡಿ."

ಅವಳು ಸಹಿ ಹಾಕಲಿಲ್ಲ.

ಆ ಸಂಜೆಯೇ ಅಕ್ಕ ಬಂದಳು. ಚಪ್ಪಲಿ ಬಿಚ್ಚುವ ಮೊದಲೇ ಶುರುವಾಯಿತು.

"ಮನೆಯವರ ಮಾನ ಬೀದಿಗೆ ತರೋದಕ್ಕೆ ನಿನಗೆ ಜೇನುಹುಳಾನೇ ಬೇಕಿತ್ತಾ?"

"ಮಾನ ನಾನು ತಂದಿಲ್ಲ ಅಕ್ಕ. ಅದು ಆಗಲೇ ಬಾಲ್ಕನಿ ಕೆಳಗೆ ಸತ್ತು ಬಿದ್ದಿತ್ತು. ಭಾವ ಗುಡಿಸಿ ಅಂದ್ರು."

"ಹುಳ ಸತ್ತಿದ್ದಕ್ಕೆ ನಿನಗೆ ಅಷ್ಟು ಸಂಕಟಾನಾ? ನಿನಗಾ? ಮನುಷ್ಯರ ಮೇಲೆ ಒಂದಿನ ಕರುಣೆ ತೋರಿಸಿದೋಳಲ್ಲ ನೀನು."

"ಸಂಕಟ ಗಿಂಕಟ ಏನಿಲ್ಲ. ಜೇನುಗೋಪುರ ಅಂತ ಬೋರ್ಡು ಹಾಕಿ ಜೇನು ಕೊಂದವರ ಕೆಲಸಕ್ಕೆ ಸಹಿ ಹಾಕಿದ್ರೆ ನನ್ನ ಕೈ ನನಗೇ ಅಸಹ್ಯ ಆಗುತ್ತೆ."

ಅಕ್ಕ ಗೋಡೆಯಲ್ಲಿ ನೆಟ್ಟಗೆ ನಿಂತಿದ್ದ ಮೊಳೆಯನ್ನು ನೋಡಿದಳು. ಆಮೇಲೆ ತಣ್ಣಗೆ ಅಂದಳು: "ನಿನ್ನ ಗಂಡ ಯಾಕೆ ಹೋದ ಅಂತ ನನಗೆ ಇವತ್ತು ಪೂರ್ತಿ ಅರ್ಥ ಆಯ್ತು ಕಣೇ."

ಬಾಗಿಲು ಹಾಕಿಕೊಂಡು ಹೋದಳು. ಆಮೇಲೆ ಅಕ್ಕತಂಗಿಯರ ನಡುವೆ ಮಾತು ನಿಂತಿತು.

ಸಹಿಯ ವಿಷಯ ಮಾತ್ರ ನಿಲ್ಲಲಿಲ್ಲ. ದೊಡ್ಡ ಸಾಹೇಬರು ಅವಳನ್ನು ಒಳಗೆ ಕರೆದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ದನಿಯಲ್ಲಿ, "ನಿಮಗೆ ಸ್ವಲ್ಪ ವಿಶ್ರಾಂತಿ ಬೇಕು ಅನ್ಸುತ್ತೆ" ಅಂದರು. ಸಹಿ ತಾವೇ ಹಾಕಿದರು. ಗೋಪುರದ ಉದ್ಘಾಟನೆಯಾಯಿತು, ಭಾವನಿಗೆ ಹಸಿರು ಪದಕ ಬಂತು. ತಿರಸ್ಕಾರಮ್ಮನಿಗೆ ಬಂದದ್ದು ವರ್ಗದ ಆದೇಶ, ಚರಂಡಿ ಮತ್ತು ತಡೆಗೋಡೆ ವಿಭಾಗಕ್ಕೆ. ಕಚೇರಿಯ ನೆಲಮಾಳಿಗೆಯ ಕೋಣೆ. ಮೇಜಿನ ಮೇಲೇ ಒಂದು ದಪ್ಪ ಕೊಳವೆ ಹಾದುಹೋಗಿತ್ತು. ಮೇಲೆ ಯಾರಾದರೂ ನೀರು ಬಿಟ್ಟರೆ ಅದು ಗೊಳಗೊಳ ಅನ್ನುತ್ತಿತ್ತು. "ಸಾಹೇಬರ ಭಾಷಣಕ್ಕಿಂತ ಇದೇ ವಾಸಿ" ಅಂದುಕೊಂಡು ಕೂತಳು.

ಅಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ ಬಸ್ ಡಿಪೋ ಹಿಂದೆ ಕುಸಿದಿದ್ದ ಉದ್ದನೆಯ ಗೋಡೆಯನ್ನು ಮತ್ತೆ ಕಟ್ಟಿಸುವುದು. ಹಿಂದೆ ಮಣ್ಣಿನ ದಿಬ್ಬ, ಮುಂದೆ ಹಳೆಯ ಟೈರುಗಳು, ಮೇಲೆ ಬೆಳಗಿನ ಬಿಸಿಲು. ಗೋಡೆ ಬಿಸಿಲಿಗೆ ಮುಖ ಮಾಡಿರುವುದನ್ನು ಕಂಡಾಗ ಅವಳ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತು. ಅದರಲ್ಲಿ ಪ್ರೀತಿ ಇರಲಿಲ್ಲ, ಸೇವೆ ಇರಲಿಲ್ಲ. ಪದಕ ಹಾಕಿಕೊಂಡ ಭಾವನ ಗೋಪುರ ಮಾಡಲಾಗದ್ದನ್ನು ಉಚ್ಚೆ ವಾಸನೆಯ ಈ ಡಿಪೋ ಗೋಡೆ ಮಾಡಿ ತೋರಿಸಬೇಕು ಅನ್ನುವ ಹೊಟ್ಟೆಕಿಚ್ಚಿನ ಛಲ, ಅಷ್ಟೇ.

ಕೆಲಸಕ್ಕೆ ಬಂದ ಗಾರೆ ಮೇಸ್ತ್ರಿ ಬಾಯಿಬಡುಕ. ಒಂಟಿ ಜೇನು ಮೊಟ್ಟೆಯಿಡಲು ಗೋಡೆಯಲ್ಲಿ ತೂತು ಬೇಕು ಅಂದಳು. "ತೂತು ಬೇಕಾ? ಎಷ್ಟು ಬೇಕು ಹೇಳಿ ಮೇಡಂ, ಜರಡಿ ಮಾಡಿ ಕೊಡ್ತೀನಿ" ಅಂದ. ಮಾಡಿಯೂ ಕೊಟ್ಟ. ಸಿಮೆಂಟಿನ ಗೋಡೆಗೆ ಡ್ರಿಲ್ ಹಾಕಿ, ಅವಳು ಹೇಳಿದ ಅಳತೆಗೆ, ಸಾಲುಸಾಲಾಗಿ. ಅವಳು ಕೈಕಟ್ಟಿ ನಿಂತು ನೋಡಿದಳು. ನಕ್ಷೆ ತನ್ನದು, ತಪ್ಪುವುದುಂಟೇ?

ಒಂದು ಜೇನೂ ಬರಲಿಲ್ಲ.

ಮಳೆಗಾಲ ಬಂತು, ಹೋಯಿತು. ತೂತುಗಳಲ್ಲಿ ಇರುವೆ ಸೇರಿದವು, ಜೇಡ ಬಲೆ ಕಟ್ಟಿದವು. ಕೆಳಗಿನ ಸಾಲಿನ ತುಂಬ ಹಸಿರು ಬೂಷ್ಟು. ಡಿಪೋ ಚಾಲಕರು ಬೀಡಿ ತುಂಡು ಸಿಕ್ಕಿಸಲು ಆ ತೂತುಗಳನ್ನು ಬಳಸಿಕೊಂಡರು. "ಮೇಡಂ, ನಿಮ್ಮ ಜೇನು ಸೇದೋದು ಕಲಿತುಬಿಟ್ಟಿದೆ!" ಅಂತ ಒಬ್ಬ ಕೂಗಿದ. ಉಳಿದವರು ಹೊಟ್ಟೆ ಹಿಡಿದು ನಕ್ಕರು.

ಜೀವಮಾನವೆಲ್ಲ ಊರವರ ಮೇಲೆ ಎದ್ದ ಮೂಗು ಆವತ್ತು ಮೊದಲ ಬಾರಿ ತನ್ನ ಒಡತಿಯ ಕಡೆಗೇ ತಿರುಗಿತು. ರಜೆಯ ದಿನ ಬಂದು ಗೋಡೆಯ ಮುಂದೆ ಮೊಣಕಾಲೂರಿ ಕೂತಳು. ತೂತಿನೊಳಗೆ ಕಿರುಬೆರಳು ಹಾಕಿ ತಿರುಗಿಸಿದಳು. ಸಿಮೆಂಟಿನ ಮುಳ್ಳು ಚರ್ಮ ಕೀರಿತು. ಬೆರಳಿಗೇ ಹೀಗಾದರೆ ತೆಳ್ಳನೆಯ ರೆಕ್ಕೆಯ ಗತಿಯೇನು? ಗೋಡೆಗೆ ಕೆನ್ನೆ ಒತ್ತಿದಳು. ತಣ್ಣಗೆ, ಒದ್ದೆ. ಹಿಂದಿನ ದಿಬ್ಬದ ನೀರೆಲ್ಲ ಗೋಡೆ ಕುಡಿಯುತ್ತಿತ್ತು. ಭಾವ ಗಾಳಿ ನುಗ್ಗುವ ಮನೆ ಕಟ್ಟಿದ್ದರು, ತಾನು ನೀರು ಜಿನುಗುವ ಮನೆ ಕಟ್ಟಿದ್ದಳು. ಇಬ್ಬರದೂ ಒಂದೇ ಜಾತಿ.

"ದಡ್ಡಿ," ಅಂದಳು ಗಟ್ಟಿಯಾಗಿ. "ಓದಿದ ದಡ್ಡಿ." ಪಕ್ಕದಲ್ಲಿ ಟೈರು ಉರುಳಿಸುತ್ತಿದ್ದ ಮೆಕ್ಯಾನಿಕ್ ತನಗೇ ಅಂದದ್ದು ಅಂದುಕೊಂಡು ದೂರ ಸರಿದ.

ಮತ್ತೆ ಮೇಸ್ತ್ರಿಗೆ ಹೇಳಿ ಕಳಿಸಿದಳು. ಈ ಸಲ ತಡೆಗೋಡೆಯನ್ನು ಅದರ ಪಾಡಿಗೆ ಬಿಟ್ಟು, ಅದರ ಮುಂದೆ ಒಂದು ಗೇಣು ಜಾಗ ಬಿಟ್ಟು ಇನ್ನೊಂದು ತೆಳು ಗೋಡೆ, ಸುಡದ ಮಣ್ಣಿನ ಇಟ್ಟಿಗೆಯದು. ಮೇಲೆ ಮಳೆ ತಾಗದಂತೆ ಚಾಚಿದ ಸೂರು. ಇಟ್ಟಿಗೆ ಹಸಿಯಿರುವಾಗಲೇ ಎಣ್ಣೆ ಸವರಿದ ಕಬ್ಬಿಣದ ಕಡ್ಡಿ ಚುಚ್ಚಿ, ಸ್ವಲ್ಪ ಗಟ್ಟಿಯಾದ ಮೇಲೆ ತಿರುಗಿಸುತ್ತ ಹೊರತೆಗೆಯಬೇಕು. ಆಗ ಒಳಗೆ ಗಾಜಿನಂಥ ನುಣುಪು. ಹಿಂಬದಿ ಮುಚ್ಚಿಯೇ ಇರಬೇಕು. ಕೆಲವು ಸಣ್ಣವು, ಕೆಲವು ಪೆನ್ಸಿಲ್ ಹೋಗುವಷ್ಟು.

"ಹುಳಕ್ಕೆ ಇಷ್ಟು ಉಪಚಾರಾನಾ ಮೇಡಂ? ನಮ್ಮನೆಯಾಕೆಗೆ ನಾನು ಇಷ್ಟು ಮಾಡಿಲ್ಲ," ಅಂದ ಮೇಸ್ತ್ರಿ.

"ಅದು ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ಕಡ್ಡಿ ನೆಟ್ಟಗೆ ಹಿಡೀರಿ."

ಇನ್ನುಳಿದದ್ದು ಹೂವು. ದಿಬ್ಬದ ಮೇಲೆ ತಾನಾಗಿ ಬೆಳೆದ ಕಾಡುಗಿಡಗಳಲ್ಲಿ ಹಳದಿ, ನೇರಳೆ ಹೂಗಳು ತುಂಬಿದ್ದವು. ಡಿಪೋ ಅಧಿಕಾರಿ ವರ್ಷವರ್ಷ ಅದನ್ನೆಲ್ಲ ಸವರಿಸಿ ಬೋಳು ಮಾಡಿಸುತ್ತಿದ್ದ. ಕಳೆಯೆಂದರೆ ಕಚೇರಿಗೆ ಅವಮಾನ ಅನ್ನುವ ಜಾತಿಯವನು.

"ಕಳೆ ಬಿಟ್ರೆ ಹಾವು ಬರುತ್ತೆ ಮೇಡಂ."

"ನಿಮ್ಮ ಡಿಪೋದಲ್ಲಿ ಕೂರೋಕೆ ಯಾವ ಹಾವಿಗೂ ಅಷ್ಟು ತಾಳ್ಮೆ ಇಲ್ಲ. ಕತ್ತರಿಸಬೇಡಿ. ಕತ್ತರಿಸಿದ್ರೆ ನಿಮ್ಮ ಚರಂಡಿ ಕಟ್ಟಿಕೊಂಡಾಗ ನನ್ನ ಹತ್ತಿರಾನೇ ಬರಬೇಕು, ನೆನಪಿರಲಿ."

ಚರಂಡಿ ವಿಭಾಗಕ್ಕೂ ಒಂದು ಅಧಿಕಾರ ಇದೆ ಅಂತ ಅವಳಿಗೆ ಆಗಲೇ ಹೊಳೆದದ್ದು. ಅಧಿಕಾರಿ ಗೊಣಗಿದ, ಕತ್ತರಿಸಲಿಲ್ಲ.

ಮೊದಲ ಜೇನು ಬಂದದ್ದು ಬಿಸಿಲು ಹದವಾಗಿ ಕಾದ ಒಂದು ಬೆಳಿಗ್ಗೆ. ಕಪ್ಪು ಮೈ, ಹೊಟ್ಟೆಯ ಕೆಳಗೆ ಬೂದು ರೋಮ. ತೂತುಗಳ ಮುಂದೆ ಮನೆ ಬಾಡಿಗೆಗೆ ನೋಡುವವರಂತೆ ಒಂದೊಂದನ್ನೂ ಹೊಕ್ಕು, ಹೊರಬಂದು, ಬೇಡವೆಂದು ಮುಂದೆ ಹೋಗುತ್ತಿತ್ತು. ತಿರಸ್ಕಾರಮ್ಮ ಉಸಿರು ಬಿಗಿಹಿಡಿದು ನೋಡಿದಳು. ಇಷ್ಟು ಚೆನ್ನಾಗಿ ತಿರಸ್ಕರಿಸುವ ಜೀವವನ್ನು ಅವಳು ಕಂಡಿರಲಿಲ್ಲ. ಕೊನೆಗೊಂದರೊಳಗೆ ಹೋದದ್ದು ಅಲ್ಲೇ ಉಳಿಯಿತು. ಆಮೇಲೆ ದಿಬ್ಬದ ಗಿಡದಿಂದ ದುಂಡಗೆ ಕತ್ತರಿಸಿದ ಎಲೆಯ ತುಂಡನ್ನು ಹೊಟ್ಟೆಯ ಕೆಳಗೆ ಅವಚಿಕೊಂಡು ಹಾರಿಬಂತು. ಮುಂದಿನ ದಿನಗಳಲ್ಲಿ ಇನ್ನಷ್ಟು ಬಂದವು. ಒಂದೊಂದೇ ತೂತಿಗೆ ಹಸಿರು ಬಾಗಿಲು, ಮಣ್ಣಿನ ಬಾಗಿಲು ಬಿದ್ದವು. ಮಳೆ ಬಂದು ಹೋದ ಮೇಲೆ ಗೋಡೆಯ ಎದೆಮಟ್ಟದಲ್ಲಿ ಖಾಲಿ ತೂತು ಹುಡುಕಬೇಕಾಯಿತು.

ಚಾಲಕರು ಮೊದಲು ಹೆದರಿದರು. ಕಚ್ಚುತ್ತವೇನೋ ಅಂತ ಗೋಡೆಯ ಕಡೆ ಹೋಗುತ್ತಿರಲಿಲ್ಲ. ತಿರಸ್ಕಾರಮ್ಮ ತೂತುಗಳ ಮುಂದೆ ತನ್ನ ಕೈ ಒಡ್ಡಿ ನಿಂತಳು. ಅವು ಕೈಯ ಸುತ್ತ ಹಾದು ತಮ್ಮ ಕೆಲಸ ನೋಡಿಕೊಂಡವು. "ಇವಕ್ಕೆ ನಿಮ್ಮನ್ನ ಕಚ್ಚೋಷ್ಟು ಪುರುಸೊತ್ತಿಲ್ಲ. ನಿಮ್ಮ ಹಾಗೆ ಕೂತು ಬೀಡಿ ಸೇದೋವಲ್ಲ," ಅಂದಳು. ಅಂದಿನಿಂದ ಬೀಡಿ ತುಂಡು ಗೋಡೆಗೆ ಬೀಳಲಿಲ್ಲ. ಬಿಡುವಿನಲ್ಲಿ ಚಾಲಕರೇ ಅಲ್ಲಿ ನಿಂತು, ಯಾವುದು ಎಷ್ಟು ದೊಡ್ಡ ಎಲೆ ತಂದಿತು ಅಂತ ವಾದ ಮಾಡತೊಡಗಿದರು.

ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು? ಪತ್ರಿಕೆಯವರು ಬಂದರು. ಅವರ ಹಿಂದೆ, ಸಕ್ಕರೆಯ ಹಿಂದೆ ಇರುವೆ ಬಂದ ಹಾಗೆ, ದೊಡ್ಡ ಸಾಹೇಬರು ಬಂದರು. ಸಾಹೇಬರ ಜೊತೆ ಭಾವ. ಭಾವ ಗೋಡೆಯನ್ನು ಬೆರಳಿನ ಚೌಕಟ್ಟಿನಲ್ಲಿ ಹಿಡಿದು, "ನಾನು ಗೋಪುರದಲ್ಲಿ ಆಡಲು ಶುರುಮಾಡಿದ ಮಾತನ್ನ ಈ ಗೋಡೆ ಮುಂದುವರಿಸಿದೆ" ಅಂದರು. ತಿರಸ್ಕಾರಮ್ಮ ಅಲ್ಲೇ ಇದ್ದಳು. ಜಗಳ ಆಡುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಆಡಲಿಲ್ಲ. ಅವರನ್ನು ಬೈಯಲು ಬಾಯಿ ತೆರೆಯುವುದೂ ದಂಡ ಅನ್ನಿಸಿತ್ತು. ಫಲಕ ಹಾಕುವ ಮಾತು ಬಂದಾಗ ಮಾತ್ರ ಮುಂದೆ ಬಂದಳು.

"ಬಿಸಿಲು ಬೀಳೋ ಕಡೆ ಮೊಳೆ ಹೊಡೆಯೋ ಹಾಗಿಲ್ಲ. ಆ ಕಡೆ ಕಂಬಕ್ಕೆ ಹಾಕ್ಕೊಳ್ಳಿ. ಎಷ್ಟು ದೊಡ್ಡದಾದ್ರೂ ಹಾಕ್ಕೊಳ್ಳಿ."

ದೊಡ್ಡದಾಗಿಯೇ ಹಾಕಿದರು. ಮಾರ್ಗದರ್ಶನ ಅಂತ ಸಾಹೇಬರ ಹೆಸರು, ಪರಿಕಲ್ಪನೆ ಅಂತ ಭಾವನ ಹೆಸರು. ನಗರಸಭೆ ಮಾತ್ರ ಒಂದು ಒಳ್ಳೆಯ ಕೆಲಸವನ್ನು ಗೊತ್ತಿಲ್ಲದೆ ಮಾಡಿತು. ಇನ್ನು ಮುಂದೆ ಜೇನಿನ ಗೋಡೆ ಅಂದರೆ ಇದೇ ಅಳತೆ, ಇದೇ ಮಣ್ಣು ಅಂತ ಅವಳ ನಕ್ಷೆಯನ್ನೇ ನಿಯಮಕ್ಕೆ ಸೇರಿಸಿತು. ಶಾಲೆಯ ಕಾಂಪೌಂಡು, ಆಸ್ಪತ್ರೆಯ ಹಿತ್ತಲು, ನೀರಿನ ಟ್ಯಾಂಕಿನ ಬುಡ, ಒಂದೊಂದೇ ಕಡೆ ಅಂಥ ಗೋಡೆ ಏಳತೊಡಗಿದವು. ಅವಳು ಎಲ್ಲ ಕಡೆಗೂ ಹೋಗಿ ನೋಡಿದಳು. ಅರ್ಧಕ್ಕರ್ಧ ಕೆಟ್ಟದಾಗಿ ಕಟ್ಟಿದ್ದರು. ಒಡೆಸಿ ಮತ್ತೆ ಕಟ್ಟಿಸಿದಳು.

ಒಂದು ರಜೆಯ ಬೆಳಿಗ್ಗೆ ಅವಳು ಡಿಪೋ ಗೋಡೆಯ ಮುಂದೆ ಕೂತಿದ್ದಾಗ ಹಿಂದೆ ಸೀರೆಯ ಸರಬರ ಕೇಳಿಸಿತು. ಅಕ್ಕ. ಹೇಗಿದ್ದೀಯ ಅನ್ನಲಿಲ್ಲ. ಕಂಬದ ಹತ್ತಿರ ಹೋಗಿ ಫಲಕವನ್ನು ಮೇಲಿಂದ ಕೆಳಗಿನವರೆಗೆ ಓದಿದಳು.

"ನಿನ್ನ ಹೆಸರೇ ಇಲ್ವಲ್ಲೇ."

"ಆ ಸಾಲಿನಲ್ಲಿ ನಿಲ್ಲೋ ಅಷ್ಟು ಕೆಟ್ಟಿಲ್ಲ ನಾನು."

ಅಕ್ಕ ಪಕ್ಕದಲ್ಲಿ ಟೈರಿನ ಮೇಲೆ ಕೂತಳು. ಇಬ್ಬರೂ ಗೋಡೆ ನೋಡಿದರು. ಒಂದು ಪುಟ್ಟ ಜೇನು ಅಷ್ಟೂ ನುಣುಪಾದ ತೂತುಗಳನ್ನು ದಾಟಿ ಹಾರಿಹೋಗಿ, ಫಲಕದ ಮೂಲೆಯಲ್ಲಿ ಸ್ಕ್ರೂ ಹಾಕದೆ ಬಿಟ್ಟಿದ್ದ ತೂತಿನೊಳಗೆ ನುಗ್ಗಿತು. ಸಾಹೇಬರ ಹೆಸರಿನ ಪಕ್ಕದಲ್ಲೇ.

"ಇವಕ್ಕೂ ಬುದ್ಧಿ ಇಲ್ಲ," ಅಂದಳು ತಿರಸ್ಕಾರಮ್ಮ. "ಅಷ್ಟು ಒಳ್ಳೆ ಮನೆ ಬಿಟ್ಟು ಎಲ್ಲಿ ಹೋಗಿ ಕೂತಿದೆ ನೋಡು."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಅಂದಳು:

"ನಿಮ್ಮ ಭಾವ ಈಗ ಮುಂದಿನದಕ್ಕೆ ಕೈ ಹಾಕಿದ್ದಾರೆ. ಚಿಟ್ಟೆ ಮಾಲ್ ಅಂತೆ. ಕಟ್ಟಡಕ್ಕೆ ರೆಕ್ಕೆ ಇರುತ್ತಂತೆ. ರೆಕ್ಕೆಗೆ ಏನೋ ಹೆಸರಿಟ್ಟಿದ್ದಾರೆ... 'ಮೌನದ ಬೀಸಣಿಗೆ'."

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕನ ಮೂಗಿನ ಒಂದು ಹೊಳ್ಳೆ ಸಣ್ಣಗೆ ಮೇಲಕ್ಕೆದ್ದಿತ್ತು. ಮೊದಲು ನಕ್ಕವಳು ಅಕ್ಕ. ತಡೆದುಕೊಳ್ಳಲು ಸೆರಗು ಬಾಯಿಗಿಟ್ಟಳು, ತಡೆಯಲಾಗಲಿಲ್ಲ. ಆಮೇಲೆ ತಂಗಿಯೂ. ಇಬ್ಬರು ನರೆಗೂದಲಿನ ಹೆಂಗಸರು ಹಳೆಯ ಟೈರಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುವುದನ್ನು ಡಿಪೋ ಕಾವಲುಗಾರ ದೂರದಿಂದ ನೋಡಿದ. ಏನಾಯಿತೋ ಅಂತ ಎದ್ದು ಬಂದ. ಏನಿಲ್ಲ ಹೋಗಿ ಅಂತ ಅಕ್ಕನೇ ಕೈ ಬೀಸಿ ಕಳಿಸಿದಳು.